ಊಟದ ಬಿಡುವೂ ಪಾಠದ ಅವಧಿಯೇ

ಬೋಧನಾಭ್ಯಾಸಕ್ಕೆ ಹೋಗಿದ್ದ ಶಾಲೆಯ ಎಂಟನೇ ತರಗತಿ ಮಕ್ಕಳನ್ನು ಕರೆದುಕೊಂಡು ದೇವನಹಳ್ಳಿ ಕೋಟೆಗೆ ಒಂದು ದಿನದ ಪ್ರವಾಸ ಹೋಗಿಬಂದೆವು. ಮರುದಿನ ವರದಿ ಬರೆಯಲು ಕುಳಿತಾಗ ನಮೂನೆಯಲ್ಲಿ ಮಧ್ಯಾಹ್ನಕ್ಕೆ ಇದ್ದದ್ದು ಒಂದೇ ಸಾಲು: ‘1ರಿಂದ 2 ಗಂಟೆ: ಊಟ, ವಿಶ್ರಾಂತಿ.’ ಆ ಸಾಲನ್ನು ಹಾಗೇ ಬಿಟ್ಟು ಮುಂದಕ್ಕೆ ಹೋಗಲು ನನಗೆ ಮನಸ್ಸಾಗಲಿಲ್ಲ. ಆ ದಿನ ಮಕ್ಕಳು ಏನಾದರೂ ಕಲಿತಿದ್ದರೆ ಹೆಚ್ಚಿನದನ್ನು ಕಲಿತದ್ದು ಆ ಒಂದು ಗಂಟೆಯಲ್ಲಿ. ನಾನು ಮಾಡಿದ ದೊಡ್ಡ ತಪ್ಪೂ ಅದೇ ಗಂಟೆಯದು. ಹಳೆಯ ಕೋಟೆ, ಗುಡಿ, ಕಲ್ಯಾಣಿಗಳಿಗೆ ಮಕ್ಕಳನ್ನು ಕರೆದೊಯ್ಯುವಾಗ ಊಟವನ್ನು ಬಿಡುವೆಂದು ತಿಳಿಯದೆ ಪಾಠದ ಒಂದು ಹಂತವಾಗಿಯೇ ಯೋಜಿಸಬೇಕು ಎಂಬುದು ನನ್ನ ಅಭಿಪ್ರಾಯ.

ಪ್ರವಾಸ ಎಂದರೆ ಹಂಪಿ, ಬಾದಾಮಿ, ಇಲ್ಲವೇ ಬೇಲೂರು–ಹಳೇಬೀಡು ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಅಲ್ಲಿಗೆ ಹೋಗಲು ಬಸ್ಸು, ವಸತಿ, ಊಟ ಎಲ್ಲ ಸೇರಿ ಆಗುವ ಖರ್ಚನ್ನು ಕೊಡಲಾಗದ ಮಕ್ಕಳು ಪ್ರತಿ ವರ್ಷವೂ ‘ಹುಷಾರಿಲ್ಲ ಮಿಸ್’ ಎಂದು ಉಳಿದುಬಿಡುತ್ತಾರೆ. ಬಾಗಲೂರಿನಿಂದ ದೇವನಹಳ್ಳಿ ಸುಮಾರು 20 ಕಿಲೋಮೀಟರ್. ವಿಮಾನ ನಿಲ್ದಾಣವನ್ನು ಬಳಸಿಕೊಂಡು ಹೋದರೆ ಬೆಳಿಗ್ಗೆ ಹೊರಟು ಸಂಜೆ ಶಾಲೆ ಬಿಡುವ ಹೊತ್ತಿಗೆ ವಾಪಸ್. ಹತ್ತಿರದ ಜಾಗವನ್ನೇ ಆರಿಸಿದ್ದರಿಂದ ನಮ್ಮ ತರಗತಿಯಲ್ಲಿ ಒಂದು ಮಗುವೂ ಉಳಿಯಲಿಲ್ಲ.

ಬಾಗಲೂರಿನ ತರಗತಿ ಈಗ ಹೇಗಿರುತ್ತದೆ ಎಂಬುದನ್ನೂ ಹೇಳಬೇಕು. ಅರ್ಧದಷ್ಟು ಮಕ್ಕಳು ಸುತ್ತಲಿನ ಹಳ್ಳಿಗಳ ಹಳೆಯ ಮನೆತನದವರು. ಅವರ ಅಜ್ಜಂದಿರು ಕಂಡಿದ್ದ ರಾಗಿ ಹೊಲ ಈಗ ಲೇಔಟ್ ಆಗಿರುತ್ತದೆ. ಉಳಿದವರು ಆ ಲೇಔಟುಗಳಲ್ಲಿ ಮನೆ ಕಟ್ಟುವ ಕೆಲಸಕ್ಕೆಂದು ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಂದವರ ಮಕ್ಕಳು. ಪಾಠ ಯೋಜನೆಯ ‘ಪೂರ್ವಜ್ಞಾನ’ ಎಂಬ ಕಾಲಂ ತುಂಬುವಾಗ ನಾವು ಈ ಎರಡನೆಯವರನ್ನು ಮರೆತೇಬಿಡುತ್ತೇವೆ. ನಾನೂ ಮರೆತಿದ್ದೆ.

ಕೋಟೆ ತೋರಿಸಲು ಸ್ಥಳೀಯ ಮಾರ್ಗದರ್ಶಕರೊಬ್ಬರು ಒಪ್ಪಿಕೊಂಡಿದ್ದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆವತಿಯ ನಾಡಪ್ರಭುಗಳ ವಂಶದ ಮಲ್ಲಬೈರೇಗೌಡ 1501ರಲ್ಲಿ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ್ದು, 18ನೇ ಶತಮಾನದ ನಡುವೆ ಅದು ಮೈಸೂರಿನವರ ವಶಕ್ಕೆ ಬಂದದ್ದು, ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಕಲ್ಲಿನ ಕೋಟೆಯಾದದ್ದು, ಟಿಪ್ಪು ಹುಟ್ಟಿದ ಜಾಗ ಕೋಟೆಯ ಹೊರಗೆ ಹತ್ತಿರದಲ್ಲೇ ಇರುವುದು, 1791ರಲ್ಲಿ ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯ ಕೋಟೆಯನ್ನು ಹಿಡಿದದ್ದು, ಎಲ್ಲವನ್ನೂ ಹೇಳಿದರು. ಮಕ್ಕಳು ಅರ್ಧವೃತ್ತದ 12 ಕೊತ್ತಲಗಳನ್ನು ಎಣಿಸಿದರು. ಇಟ್ಟಿಗೆ, ಗಾರೆಯಲ್ಲಿ ಮಾಡಿದ ಗುಂಡಿನ ಕಿಂಡಿಗಳಲ್ಲಿ ಮುಖ ಇಟ್ಟು ಹೊರಗೆ ನೋಡಿದರು. ಇಸವಿಗಳನ್ನು ಬರೆದುಕೊಂಡರು. ಒಂದು ಗಂಟೆಯಾಗುವ ಹೊತ್ತಿಗೆ ಬರೆಯುವುದನ್ನೂ ಬಿಟ್ಟರು.

ಆಗ ಹಿಂದಿನಿಂದ ಒಬ್ಬ ಹುಡುಗ ಕೇಳಿದ: “ಸಾರ್, ಶತ್ರುಗಳು ಸುತ್ಕೊಂಡು ಹೊರಗೇ ಕೂತ್ಬಿಟ್ರೆ ಒಳಗಿದ್ದವರು ಏನ್ ತಿಂತಿದ್ರು?”

ಮಾರ್ಗದರ್ಶಕರು ನಕ್ಕು, “ಊಟದ ಟೈಮ್ ಆಯ್ತು ಅಂತ ಕಾಣುತ್ತೆ” ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ದಿನದ ಅತಿ ಒಳ್ಳೆಯ ಪ್ರಶ್ನೆ ಅದೇ ಎಂದು ನನಗೆ ಹೊಳೆದದ್ದು ಅರ್ಧ ಗಂಟೆ ತಡವಾಗಿ.

ಆ ಹುಡುಗನ ಅಜ್ಜಿಯ ಮನೆ ದೇವನಹಳ್ಳಿಗೆ ಹತ್ತಿರದ ಹಳ್ಳಿಯಲ್ಲಿತ್ತು. ಮುಖ್ಯೋಪಾಧ್ಯಾಯರು ಮೊದಲೇ ಮಾತನಾಡಿ ಅಲ್ಲೇ ಊಟದ ವ್ಯವಸ್ಥೆ ಮಾಡಿಸಿದ್ದರು: ರಾಗಿಮುದ್ದೆ, ಬಸ್ಸಾರು, ಪಲ್ಯ, ಆಮೇಲೆ ದೇವನಹಳ್ಳಿ ಚಕ್ಕೋತ. ಅಂಗಳದಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ ನಾನು ಸಿದ್ಧಪಡಿಸಿಕೊಂಡು ಬಂದಿದ್ದ ಮಾತು ಹೇಳಿದೆ: “ಇದು ನಮ್ಮ ಊಟ. ಈ ಮಣ್ಣಿನ ಊಟ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತೆ.” ವಿಜ್ಞಾನದ ಪ್ರಶಿಕ್ಷಣಾರ್ಥಿಯಾಗಿ ನನ್ನ ಕರ್ತವ್ಯ ಮುಗಿಯಿತು ಎಂದುಕೊಂಡೆ.

ಕೊನೆಯಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಮನೆಯಿಂದ ತಂದಿದ್ದ ಡಬ್ಬಿಯನ್ನು ಆಗಷ್ಟೇ ತೆರೆದಿದ್ದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ. ನನ್ನ ಮಾತು ಕೇಳಿ ಮೆಲ್ಲಗೆ ಮುಚ್ಚಳ ಹಾಕಿದಳು. ಮೂರು ವಾರದಿಂದ ನನ್ನ ತರಗತಿಯಲ್ಲಿ ಕೂತಿದ್ದ ಆಕೆ ಹಾಜರಿ ಕೂಗಿದಾಗ ಬಿಟ್ಟರೆ ಬಾಯಿ ತೆರೆದಿರಲಿಲ್ಲ. ಈಗ ಅವಳ ಡಬ್ಬಿಯನ್ನೂ ನಾನೇ ಮುಚ್ಚಿಸಿದ್ದೆ. ‘ನಮ್ಮ ಊಟ’ ಎಂದಾಗ ಆ ‘ನಮ್ಮ’ದೊಳಗೆ ಯಾರನ್ನು ಸೇರಿಸಿಕೊಂಡೆ, ಯಾರನ್ನು ಹೊರಗಿಟ್ಟೆ ಎಂದು ಯೋಚಿಸಿರಲಿಲ್ಲ. ಸ್ಥಳೀಯ ಆಹಾರ ಪರಂಪರೆಯ ಹೆಸರಿನಲ್ಲಿ ನಡೆಯುವ ಬಹಳಷ್ಟು ಕಾರ್ಯಕ್ರಮಗಳ ತೊಂದರೆ ಇದೇ. ನಾವು ಊಟವನ್ನು ಹೆಮ್ಮೆಯ ವಸ್ತುವಾಗಿ ಪ್ರದರ್ಶಿಸುತ್ತೇವೆ. ಕೋಟೆಯ ಕಲ್ಲಿನ ಹಾಗೆ ಅದನ್ನೂ ಒಂದು ಆಧಾರವೆಂದು ನೋಡಿ ಪ್ರಶ್ನಿಸುವುದಿಲ್ಲ.

ಪರಿಸ್ಥಿತಿಯನ್ನು ಸರಿಪಡಿಸಲು ಅಲ್ಲೇ ತೋಚಿದ್ದನ್ನು ಮಾಡಿದೆ. ಬಡಿಸಿದ ತಟ್ಟೆ, ತಂದ ಡಬ್ಬಿ ಎಲ್ಲವನ್ನೂ ನೋಡಿ ಒಂದು ಪಟ್ಟಿ ಮಾಡಲು ಹೇಳಿದೆ: ರಾಗಿ, ಜೋಳ, ಸೊಪ್ಪು, ಬೇಳೆ, ಹುಣಸೆ, ಸಾಸಿವೆ, ಮೆಣಸಿನಕಾಯಿ, ಟೊಮೇಟೊ, ಶೇಂಗಾ. ಆಮೇಲೆ ಒಂದೇ ಪ್ರಶ್ನೆ: ಮಲ್ಲಬೈರೇಗೌಡ 1501ರಲ್ಲಿ ಮಣ್ಣಿನ ಕೋಟೆ ಕಟ್ಟಿಸಿದಾಗ ಇವುಗಳಲ್ಲಿ ಯಾವುದು ಇಲ್ಲಿ ಸಿಗುತ್ತಿರಲಿಲ್ಲ?

ಮೆಣಸಿನಕಾಯಿ, ಟೊಮೇಟೊ, ಶೇಂಗಾ ಮೂರೂ ಅಮೆರಿಕ ಖಂಡಗಳ ಬೆಳೆಗಳು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಆ ಬೆಳೆಗಳು ನಮ್ಮ ಕಡೆಗೆ ಬಂದದ್ದು ಆಮೇಲೆ, ಯುರೋಪಿನವರ ಹಡಗುಗಳಲ್ಲಿ. ಹಾಗಾದರೆ 1501ರ ಸಾರಿಗೆ ಖಾರ ಎಲ್ಲಿಂದ? ಮಕ್ಕಳು ಸುಮ್ಮನಾದರು. “ಮೆಣಸಿನಕಾಯಿ ಅನ್ನೋ ಹೆಸರನ್ನೇ ಬಿಡಿಸಿ ನೋಡಿ” ಎಂದೆ. ಒಬ್ಬಳಿಗೆ ಹೊಳೆಯಿತು: ಮೊದಲು ಇದ್ದದ್ದು ಮೆಣಸು, ಅದರ ಹಾಗೆ ಖಾರವಿರುವ ಕಾಯಿ ಬಂದಾಗ ಅದು ಮೆಣಸಿನಕಾಯಿ ಆಯಿತು. ಚರಿತ್ರೆಯ ಆಧಾರ ಶಾಸನದಲ್ಲಿ ಮಾತ್ರ ಇರುವುದಿಲ್ಲ, ನಾವು ದಿನವೂ ಆಡುವ ಮಾತಿನಲ್ಲೂ ಇರುತ್ತದೆ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಯಾವ ಪಠ್ಯದಲ್ಲೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಇನ್ನೊಬ್ಬ ತಕರಾರು ತೆಗೆದ: “ಮಿಸ್, ನಾವು ನೋಡಿದ್ದು ಕಲ್ಲಿನ ಕೋಟೆ. ಅದು ಟಿಪ್ಪು ಕಾಲದ್ದು. ಆಗ ಮೆಣಸಿನಕಾಯಿ ಇತ್ತಲ್ವಾ?” ಇತ್ತು. ಹೈದರ್, ಟಿಪ್ಪುವಿನ ಕಾಲಕ್ಕೆ ಅದು ದಕ್ಷಿಣ ಭಾರತದ ಅಡುಗೆಯಲ್ಲಿ ಬೇರೂರಿಯಾಗಿತ್ತು. ಕೋಟೆಗೆ ಇರುವಂತೆ ಊಟಕ್ಕೂ ಪದರಗಳಿವೆ ಎಂಬುದನ್ನು ನಾನು ಹೇಳಬೇಕಾಗಿ ಬರಲಿಲ್ಲ. ಬೆಳಿಗ್ಗೆ ಕಿವಿಯ ಮೇಲೆ ಹಾದುಹೋಗಿದ್ದ ಇಸವಿಗಳನ್ನು ಮಕ್ಕಳು ಈಗ ತಾವಾಗಿಯೇ ಪುಸ್ತಕ ತೆರೆದು ಹುಡುಕುತ್ತಿದ್ದರು.

ಪಟ್ಟಿಯಲ್ಲಿ ಉಳಿದವುಗಳಲ್ಲಿ ರಾಗಿಯೂ ಇತ್ತು, ಜೋಳವೂ ಇತ್ತು. ಎರಡರ ಮೂಲವೂ ಆಫ್ರಿಕ. ಸಾವಿರಾರು ವರ್ಷಗಳ ಹಿಂದೆಯೇ ಈ ನೆಲಕ್ಕೆ ಬಂದವು. ಹಣ್ಣಿನ ತಟ್ಟೆಯಲ್ಲಿದ್ದ ಚಕ್ಕೋತಕ್ಕೆ ಇಂದು ದೇವನಹಳ್ಳಿಯ ಹೆಸರಿನಲ್ಲೇ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅದರ ಮೂಲವೋ ಆಗ್ನೇಯ ಏಷ್ಯಾ. ‘ಈ ಮಣ್ಣಿನ ಊಟ’ ಎಂದು ನಾನು ಹೇಳಿದ್ದ ತಟ್ಟೆಯಲ್ಲಿ ಹೊರಗಿನಿಂದ ಬಂದು ನೆಲೆಸಿದ್ದೇ ಹೆಚ್ಚು. “ಹಂಗಾರ ಶೇಂಗಾ ಚಟ್ನಿ ಕೋಟಿಗಿಂತ ಸಣ್ಣದು, ರೊಟ್ಟಿ ದೊಡ್ಡದು” ಎಂದು ಯಾರೋ ಹೇಳಿದರು. ಡಬ್ಬಿಯ ಮುಚ್ಚಳ ತೆರೆದಿತ್ತು.

ಊಟ ಬಡಿಸಿ ಜಗಲಿಯಲ್ಲಿ ಕೂತಿದ್ದ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ನಮ್ಮ ಮಾತು ಕೇಳುತ್ತಿದ್ದರು. ಮೊಮ್ಮಗನ ಬೆಳಗಿನ ಪ್ರಶ್ನೆಗೆ ಉತ್ತರ ಅವರಿಂದ ಬಂತು. “ಮುತ್ತಿಗೆ ಹಾಕಿದ್ರೆ ಏನ್ ತಿಂತಿದ್ರೋ ಕಾಣೆ. ಮಳೆ ಹೋದ್ರೆ ನಾವು ಹಗೇವಿನ ರಾಗಿ ತೆಗೀತಿದ್ವಿ. ಎಷ್ಟ್ ವರ್ಷ ಇಟ್ರೂ ಕೆಡ್ತಿರ್ಲಿಲ್ಲ. ಆದ್ರೆ ಬಾಯಿ ತೆಗೆದ ತಕ್ಷಣ ಯಾರ್ನೂ ಒಳಕ್ಕೆ ಇಳಿಸ್ತಿರ್ಲಿಲ್ಲ ಕಣಮ್ಮ. ದೀಪ ಬಿಟ್ಟು ನೋಡೋರು. ಆರಿಹೋದ್ರೆ ಇಳೀಬಾರ್ದು.”

ಹಗೇವು ಎಂದರೆ ನೆಲದಲ್ಲಿ ಅಗೆದು ಮಾಡಿದ ಧಾನ್ಯದ ಕಣಜ ಎಂದು ನಾನು ವಿವರಿಸಲು ಹೊರಟೆ. ಅಷ್ಟರಲ್ಲಿ ಆ ಹುಡುಗಿ, ಕೈಯಲ್ಲಿ ರೊಟ್ಟಿ ಹಿಡಿದಂತೆಯೇ, “ನಮ್ಮೂರಾಗ ಅದಕ್ಕ ಹಗೆ ಅಂತಾರ್ರಿ ಮಿಸ್. ನಮ್ಮ ಮುತ್ಯಾ ಅದರಾಗ ಜ್ವಾಳ ತುಂಬ್ತಿದ್ದ” ಎಂದಳು. ಅಜ್ಜಿ ಅವಳನ್ನು ಹತ್ತಿರ ಕರೆದು ಕೂರಿಸಿಕೊಂಡು, ಬಾಯಿ ಹೇಗೆ ಮುಚ್ಚುತ್ತಿದ್ದರು, ಹುಲ್ಲು ಹಾಸುತ್ತಿದ್ದರೇ ಎಂದೆಲ್ಲ ಕೇಳತೊಡಗಿದರು. ಆ ಹತ್ತು ನಿಮಿಷ ನಾನು ಮಾತನಾಡಲಿಲ್ಲ, ಮಾರ್ಗದರ್ಶಕರೂ ಮಾತನಾಡಲಿಲ್ಲ. ಮೂರು ವಾರದ ನನ್ನ ಪ್ರಶ್ನೋತ್ತರ ವಿಧಾನಕ್ಕೆ ಸಿಗದಿದ್ದ ಮಗು ಅಲ್ಲಿ ಪಾಠ ಮಾಡುತ್ತಿತ್ತು.

ಎರಡು ದಿನದ ನಂತರ ಅದೇ ದೀಪದಿಂದ ವಿಜ್ಞಾನದ ಅವಧಿ ಆರಂಭಿಸಿದೆ. ದೀಪ ಏಕೆ ಆರುತ್ತದೆ? ಸಂಗ್ರಹಿಸಿದ ಕಾಳಿಗೂ ಜೀವವಿದೆ, ಅದೂ ಉಸಿರಾಡುತ್ತದೆ. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಗಾಳಿಗಿಂತ ಭಾರವಾದ್ದರಿಂದ ಅದು ತಳದಲ್ಲೇ ಉಳಿಯುತ್ತದೆ. ಹುಳುಗಳನ್ನು ಬದುಕಲು ಬಿಡದ ಆ ಗಾಳಿಯೇ ಇಳಿದ ಮನುಷ್ಯನನ್ನೂ ಕೊಲ್ಲಬಲ್ಲದು. ಹಗೇವಿಗೆ ಇಳಿಯುವುದು ಮಕ್ಕಳು ಮಾಡಿ ನೋಡುವ ಪ್ರಯೋಗವಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ಮಾಡಿ ನೋಡಿದ್ದು ಇಷ್ಟು: ಮೊಳಕೆ ಬಂದ ಹುರುಳಿಕಾಳನ್ನು ಬಾಟಲಿಯಲ್ಲಿ ಮುಚ್ಚಿಟ್ಟು, ಅದರೊಳಗೆ ಪುಟ್ಟ ಲೋಟದಲ್ಲಿ ಸುಣ್ಣದ ತಿಳಿನೀರು ಇಟ್ಟೆವು. ಮರುದಿನ ನೀರು ಹಾಲಿನಂತಾಗಿತ್ತು. ಸುಣ್ಣ ಇಂಗಾಲದ ಡೈಆಕ್ಸೈಡ್‌ನೊಂದಿಗೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿತ್ತು. ಕೋಟೆಯ ಕಿಂಡಿಯ ಗಾರೆ ವರ್ಷ ಕಳೆದಂತೆ ಗಟ್ಟಿಯಾದದ್ದೂ ಇದೇ ಕ್ರಿಯೆಯಿಂದ. ಕೋಟೆ, ಹಗೇವು, ಅಜ್ಜಿಯ ಸುಣ್ಣದ ಡಬ್ಬಿ ಮೂರೂ ಒಂದೇ ಸಮೀಕರಣದಲ್ಲಿ ಕೂಡಿದವು. ಚರಿತ್ರೆಯ ಪ್ರವಾಸದಲ್ಲಿ ವಿಜ್ಞಾನದವರಿಗೆ ಏನು ಕೆಲಸ ಎಂದು ಕೇಳುವ ನನ್ನ ಸಹಪಾಠಿಗಳಿಗೆ ಇದು ನನ್ನ ಉತ್ತರ.

ಇದಕ್ಕೆ ಆಕ್ಷೇಪಗಳಿವೆ. ಸಮಯ ಸಾಲದು ಎನ್ನುತ್ತಾರೆ. ಊಟಕ್ಕೆ ಹೇಗೂ ಒಂದು ಗಂಟೆ ಕೊಡುತ್ತೇವೆ. ನಾನು ಕೇಳುತ್ತಿರುವುದು ಅದನ್ನೇ. ಹೊರಗಿನ ಊಟದಿಂದ ಮಕ್ಕಳ ಆರೋಗ್ಯ ಕೆಟ್ಟರೆ ಯಾರು ಹೊಣೆ ಎನ್ನುತ್ತಾರೆ. ಆ ಭಯ ನ್ಯಾಯವಾದದ್ದು. ಊಟದ ವ್ಯವಸ್ಥೆ ಆಗದಿದ್ದರೆ ಮನೆಯ ಬುತ್ತಿಯೇ ಸಾಕು, ಪಟ್ಟಿ ಮಾಡಲು ಬುತ್ತಿ ಇನ್ನೂ ಒಳ್ಳೆಯದು. ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು: ಊಟದ ಮಾತು ತೆಗೆದರೆ ಜಾತಿಯ ಮಾತು, ಮಾಂಸದ ಮಾತು ಬರುತ್ತದೆ, ಮಕ್ಕಳು ಒಬ್ಬರನ್ನೊಬ್ಬರು ಹೀಯಾಳಿಸುತ್ತಾರೆ. ಇದು ನಿಜ, ನಾನೂ ಬಾಯಿ ತೆರೆದ ಕೂಡಲೇ ಒಂದು ಮಗುವನ್ನು ನೋಯಿಸಿದೆ. ಆದರೆ ಅಲ್ಲೇ ಒಂದು ವ್ಯತ್ಯಾಸವನ್ನೂ ಕಲಿತೆ. ‘ನಿಮ್ಮ ಮನೆಯಲ್ಲಿ ಏನು ತಿನ್ನುತ್ತೀರಿ’ ಎಂದು ಕೇಳಿದರೆ ಮಗುವನ್ನು ಎಲ್ಲರೆದುರು ನಿಲ್ಲಿಸಿದಂತೆ. ‘ಈ ಕಾಳು ಎಲ್ಲಿಂದ ಬಂತು, ಯಾವಾಗ ಬಂತು’ ಎಂದು ಕೇಳಿದರೆ ನಿಲ್ಲುವುದು ಕಾಳು. ಪ್ರಶ್ನೆ ಪದಾರ್ಥದ ಬಗ್ಗೆ ಇರಲಿ, ಮನೆತನದ ಬಗ್ಗೆ ಬೇಡ.

ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಮಾಡಬಹುದಾದ ಮೂರು ಕೆಲಸಗಳನ್ನು ಸೂಚಿಸುತ್ತೇನೆ. ಪ್ರವಾಸಕ್ಕೆ ಮುನ್ನ ಒಮ್ಮೆ ಹೋಗಿ ಮಾರ್ಗದರ್ಶಕರ ಜೊತೆ ಕೂತು, ಅಲ್ಲಿದ್ದವರ ನೀರು, ಧಾನ್ಯ, ಉರುವಲು ಎಲ್ಲಿಂದ ಬರುತ್ತಿತ್ತು ಎಂದು ಕೇಳಿಕೊಳ್ಳಿ. ರಾಜರ ಕಥೆಯನ್ನು ಅವರು ಹೇಗೂ ಹೇಳುತ್ತಾರೆ. ಊಟದ ಹೊತ್ತಿಗೆ ಒಂದೇ ಒಂದು ಚಟುವಟಿಕೆ ಇಟ್ಟುಕೊಳ್ಳಿ, ಅದರಲ್ಲಿ ಬುತ್ತಿ ತಂದವರಿಗೂ ತಾರದವರಿಗೂ ಜಾಗವಿರಲಿ. ಎರಡು ದಿನದೊಳಗೆ ಅದನ್ನು ತರಗತಿಯ ಒಂದು ಪಾಠಕ್ಕೆ ಜೋಡಿಸಿ. ತಡವಾದರೆ ಉಳಿಯುವುದು ಫೋಟೋ ಮಾತ್ರ.

ನಮ್ಮ ಉಪನ್ಯಾಸಕರಲ್ಲಿ ಒಂದು ವಿನಂತಿ. ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದನ್ನು ನಾವು ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತೇವೆ. ಅದನ್ನು ಮಾಡಿ ತೋರಿಸಿದ ಒಂದು ಗಂಟೆಯನ್ನು ಬರೆಯಲು ವರದಿಯಲ್ಲಿ ಜಾಗವಿಲ್ಲ. ಪ್ರವಾಸದ ವರದಿಯಲ್ಲಿ ‘ಊಟ, ವಿಶ್ರಾಂತಿ’ ಎಂಬ ಸಾಲನ್ನು ತೆಗೆದು ‘ಊಟದ ಹೊತ್ತಿನ ಕಲಿಕೆ’ ಎಂದು ಅರ್ಧ ಪುಟ ಬಿಡಿ. ಇತರ ಪಾಠಗಳಂತೆ ಅದನ್ನೂ ಬಂದು ವೀಕ್ಷಿಸಿ, ತಪ್ಪಿದ್ದರೆ ತಿದ್ದಿ. ನಾನು ‘ನಮ್ಮ ಊಟ’ ಎಂದಾಗ ಹಿಂದೆ ಒಬ್ಬರು ವೀಕ್ಷಕರು ಕೂತಿದ್ದರೆ ಆ ಮುಚ್ಚಿದ ಡಬ್ಬಿಯನ್ನು ನನಗಿಂತ ಮೊದಲು ಅವರು ನೋಡುತ್ತಿದ್ದರು.