ನೀಲಿ ದ್ರಾಕ್ಷಿಯ ಹೆಸರೂ ಅದರ ಬೆಲೆಯೂ

ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ಹಳ್ಳಿಗಳಲ್ಲಿ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಯೋಜನೆಯನ್ನು ರಾಜ್ಯ ಸರ್ಕಾರದವರು 2025ರ ಜುಲೈ 15ರಂದು ಕೈಬಿಟ್ಟರು. ಮೂರು ವರ್ಷಗಳಿಗೂ ಮಿಗಿಲಾಗಿ ಧರಣಿ ಕುಳಿತ ರೈತರ ಸ್ಥೈರ್ಯಕ್ಕೆ ಸಂದ ಫಲವಿದು. ಭೂಮಿಯೇನೋ ಉಳಿಯಿತು. ಆದರೆ ಭೂಮಿಯಲ್ಲಿ ಬೆಳೆದ ಪದಾರ್ಥಕ್ಕೆ ತಕ್ಕ ಬೆಲೆ ದೊರೆಯದೆ ಹೋದಲ್ಲಿ, ಇಂದು ಸರ್ಕಾರಕ್ಕೆ ಕೊಡಲೊಪ್ಪದ ರೈತನೇ ನಾಳೆ ನಿವೇಶನದ ದಲ್ಲಾಳಿಗೆ ತಾನಾಗಿ ಮಾರುವನು. ಹೆಬ್ಬಾಳ, ಯಲಹಂಕಗಳನ್ನು ದಾಟಿ ಬಳ್ಳಾರಿ ರಸ್ತೆಯಲ್ಲಿ ಹೋಗುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2008ರಲ್ಲಿ ವಿಮಾನ ನಿಲ್ದಾಣವು ತೆರೆದಂದಿನಿಂದ ಆ ರಸ್ತೆಯ ಎರಡು ಪಾರ್ಶ್ವಗಳಲ್ಲಿಯೂ ಚಪ್ಪರಗಳು ಹೋಗಿ ಚಪ್ಪಡಿಗಳು ಬಂದಿರುವುದು ಎಲ್ಲರ ಕಣ್ಣಿಗೂ ಬಿದ್ದಿದೆ.

ಈ ಸೀಮೆಯ ಚಪ್ಪರಗಳಲ್ಲಿ ತೂಗುವ ಮುಖ್ಯ ಫಲವೆಂದರೆ ಬೆಂಗಳೂರು ನೀಲಿ ದ್ರಾಕ್ಷಿ. ದಪ್ಪ ಸಿಪ್ಪೆ, ಒಳಗೆ ಬೀಜ, ಮೂಗಿಗೆ ದೂರದಿಂದಲೇ ತಿಳಿಯುವ ಗಾಢವಾದ ಪರಿಮಳ, ಇವು ಅದರ ಲಕ್ಷಣಗಳು. ರೋಗಗಳನ್ನು ತಕ್ಕಮಟ್ಟಿಗೆ ತಾಳಿಕೊಂಡು, ನಮ್ಮ ಕೆಮ್ಮಣ್ಣಿನಲ್ಲಿ ವರ್ಷಕ್ಕೆ ಎರಡು ಫಸಲು ಕೊಡುವ ಬಳ್ಳಿಯಿದು. 2013ರಲ್ಲಿ ಭಾರತ ಸರ್ಕಾರದ ಭೌಗೋಳಿಕ ಸೂಚಕಗಳ ಪಟ್ಟಿಯಲ್ಲಿ ಇದರ ಹೆಸರು ದಾಖಲಾಯಿತು. ಅಂದರೆ ಈ ಹೆಸರು ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರಗಳ ಸೀಮೆಗೆ ಸೇರಿದ ಸ್ವತ್ತೆಂದು ಕಾನೂನು ಒಪ್ಪಿತು. ಹೀಗಿದ್ದೂ ಆ ಹೆಸರಿನಿಂದ ಬೆಳೆಗಾರನಿಗೆ ದೊರೆತ ಲಾಭವೇನೆಂದು ಪರ್ಯಾಲೋಚಿಸಿದರೆ ಸಂತೋಷಕ್ಕೆ ಆಸ್ಪದವಿಲ್ಲ. ಹೆಸರಿಗೆ ಗಡಿಯನ್ನು ಹಾಕಿದ್ದಾಯಿತು, ಗಡಿಯ ಒಳಗೆ ಮಾಡಬೇಕಾದ ಕೆಲಸ ಆಗಲಿಲ್ಲ.

ಆ ಕೆಲಸವೆಂತಹುದೆಂಬುದನ್ನು ತಿಳಿಯಲು ಫ್ರಾನ್ಸ್ ದೇಶದ ನೈಋತ್ಯ ಭಾಗದಲ್ಲಿ ಷಾರಾಂತ್ ನದಿಯ ದಡದಲ್ಲಿರುವ ಕಾನ್ಯಾಕ್ ಎಂಬ ಪಟ್ಟಣದ ಕಡೆಗೆ ನೋಡುವುದು ಉಪಯುಕ್ತ. ಅಲ್ಲಿನ ದ್ರಾಕ್ಷಾ ಬ್ರಾಂದಿಯು ಊರಿನ ಹೆಸರಿನಿಂದಲೇ ಲೋಕಪ್ರಸಿದ್ಧವಾಗಿದೆ. 1909ರಲ್ಲಿ ಅಲ್ಲಿಯ ಸರ್ಕಾರವು ಆ ಹೆಸರಿಗೆ ಅರ್ಹವಾದ ಪ್ರದೇಶದ ಎಲ್ಲೆಯನ್ನು ಗೊತ್ತುಮಾಡಿತು. 1938ರಲ್ಲಿ ಅದರ ಒಳಗಿನ ಆರು ವಿಭಾಗಗಳ ಎಲ್ಲೆಗಳೂ ನಿಶ್ಚಯವಾದವು. ಮಧ್ಯದ ಗ್ರಾಂದ್ ಷಾಂಪಾಞ್ ವಿಭಾಗದಲ್ಲಿ ಸೀಮೆಸುಣ್ಣದಂತಹ ಬಿಳಿಯ ಮಣ್ಣು. ಅಲ್ಲಿಯ ಸಾರವು ಹಗುರ, ಹೂವಿನ ಪರಿಮಳವುಳ್ಳದ್ದು, ಆದರೆ ಹದಕ್ಕೆ ಬರಲು ಬಹುಕಾಲ ಬೇಕು. ಬೋರ್ದರಿ ಎಂಬ ಅತಿ ಚಿಕ್ಕ ವಿಭಾಗದಲ್ಲಿ ಜೇಡಿಮಣ್ಣೂ ಚಕಮಕಿ ಕಲ್ಲೂ ಸೇರಿವೆ. ಅದರ ಸಾರವು ಬೇಗನೆ ಮಾಗುತ್ತದೆ, ಅದರಲ್ಲಿ ನೇರಳೆಬಣ್ಣದ ವಯಲೆಟ್ ಹೂವಿನ ಗಂಧವನ್ನು ಬಲ್ಲವರು ಗುರುತಿಸುತ್ತಾರೆ. ಹೊರಸುತ್ತಿನ ವಿಭಾಗಗಳಲ್ಲಿ ಫ್ಯಾಂ ಬ್ವಾ ಎಂಬುದರ ಸಾರ ಹಣ್ಣಿನ ರುಚಿಯದು, ಅದೂ ಶೀಘ್ರವಾಗಿ ಹದಗೊಳ್ಳುತ್ತದೆ. ಬಳ್ಳಿ ಬಹುಮಟ್ಟಿಗೆ ಉಞಿ ಬ್ಲಾಂ ಎಂಬ ಒಂದೇ ಜಾತಿಯದು. ವ್ಯತ್ಯಾಸವನ್ನು ಮಾಡುವುದು ನೆಲ.

ಗಮನಾರ್ಹವಾದ ಸಂಗತಿಯೊಂದುಂಟು. ಈ ದ್ರಾಕ್ಷಿಯಿಂದ ಮೊದಲು ತಯಾರಾಗುವ ಮದ್ಯವು ಹುಳಿಯಾಗಿ ತೆಳುವಾಗಿರುವುದು, ಊಟದ ಮೇಜಿನ ಮೇಲೆ ಅದಕ್ಕೆ ಮರ್ಯಾದೆಯಿಲ್ಲ. ಅದನ್ನು ತಾಮ್ರದ ಹಂಡೆಯಲ್ಲಿ ಎರಡು ಬಾರಿ ಭಟ್ಟಿ ಇಳಿಸಿ, ಮೊದಲ ಧಾರೆಯನ್ನೂ ಕಡೆಯ ಧಾರೆಯನ್ನೂ ಬೇರ್ಪಡಿಸಿ, ನಡುವಣ ಶುದ್ಧ ಭಾಗವನ್ನು ಓಕ್ ಮರದ ಪೀಪಾಯಿಗಳಲ್ಲಿ ತುಂಬುತ್ತಾರೆ. ಕೊಯ್ಲಿನ ಮರುವರ್ಷ ಮಾರ್ಚ್ 31ರ ಒಳಗೆ ಭಟ್ಟಿಯ ಕೆಲಸ ಮುಗಿಯಬೇಕೆಂಬುದು ಅಲ್ಲಿಯ ಕಟ್ಟಳೆ. ಪೀಪಾಯಿಯಲ್ಲಿ ಕನಿಷ್ಠ ಎರಡು ವರ್ಷವಾದರೂ ಇರದ ಸರಕು ಕಾನ್ಯಾಕ್ ಎನಿಸಿಕೊಳ್ಳಲಾರದು. ಎಕ್ಸ್.ಒ. ಎಂಬ ಮೇಲ್ದರ್ಜೆಗೆ ಇದ್ದ ಆರು ವರ್ಷಗಳ ಅವಧಿಯನ್ನು 2018ರಲ್ಲಿ ಹತ್ತಕ್ಕೆ ಏರಿಸಿದರು.

ಇನ್ನು ಮಿಶ್ರಣದ ವಿಚಾರ. ಉಗ್ರಾಣದ ಯಜಮಾನನು ಬೇರೆ ಬೇರೆ ವಿಭಾಗಗಳ, ಬೇರೆ ಬೇರೆ ವರ್ಷಗಳ ಸಾರಗಳನ್ನು ರುಚಿನೋಡಿ ಆಯ್ದು ಕೂಡಿಸುತ್ತಾನೆ. ಒಂದು ನೆಲದ ದೀರ್ಘ ಪರಿಮಳಕ್ಕೆ ಮತ್ತೊಂದು ನೆಲದ ಮಾಧುರ್ಯ ಜೊತೆಯಾಗುತ್ತದೆ, ಎಳೆಯದರ ಚುರುಕಿಗೆ ಹಳೆಯದರ ಗಾಂಭೀರ್ಯ ಕೂಡುತ್ತದೆ. ಮಳೆ ಬಿಸಿಲುಗಳು ವರ್ಷವರ್ಷಕ್ಕೂ ಬದಲಾದರೂ ಸೀಸೆಯ ರುಚಿ ಬದಲಾಗದಂತೆ ಕಾಯುವುದು ಆತನ ಹೊಣೆ. ಬಣ್ಣಕ್ಕಾಗಿ ಸುಟ್ಟ ಸಕ್ಕರೆಯ ಪಾಕವನ್ನು ಮಿತವಾಗಿ ಹಾಕಲು ಅಲ್ಲಿಯೂ ಅನುಮತಿಯುಂಟು. ಆದರೆ ಮುಖ್ಯವಾದ ಎರಡು ನಿರ್ಬಂಧಗಳನ್ನು ಯಾರೂ ಮೀರುವಂತಿಲ್ಲ. ಮಿಶ್ರಣದಲ್ಲಿರುವ ಅತಿ ಎಳೆಯ ಸಾರದ ವಯಸ್ಸೇ ಇಡೀ ಸೀಸೆಯ ವಯಸ್ಸು. ಫೀನ್ ಷಾಂಪಾಞ್ ಎಂದು ಚೀಟಿಯಲ್ಲಿ ಬರೆದರೆ, ಒಳಗಿರುವುದೆಲ್ಲವೂ ಎರಡು ಷಾಂಪಾಞ್ ವಿಭಾಗಗಳದ್ದೇ ಆಗಿದ್ದು, ಅರ್ಧಕ್ಕೆ ಕಡಮೆಯಿಲ್ಲದಂತೆ ಗ್ರಾಂದ್ ಷಾಂಪಾಞ್‌ನದ್ದಾಗಿರಬೇಕು. ಅಲ್ಲಿ ಮಿಶ್ರಣವೆಂದರೆ ಎಲ್ಲೆಯೊಳಗಿನ ಒಳ್ಳೆಯದಕ್ಕೆ ಒಳ್ಳೆಯದನ್ನು ಕೂಡಿಸುವುದು.

ನಮ್ಮಲ್ಲಿ ಮಿಶ್ರಣವೆಂಬ ಮಾತಿನ ಅರ್ಥವೇ ಬೇರೆಯಾಗಿದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಮದ್ಯಗಳ ವಿಷಯವಾಗಿ 2018ರಲ್ಲಿ ಮಾಡಿದ ನಿಬಂಧನೆಗಳ ಪ್ರಕಾರ, ಮಿಶ್ರ ಬ್ರಾಂದಿಯೆನಿಸಲು ಶುದ್ಧ ದ್ರಾಕ್ಷಾ ಬ್ರಾಂದಿಯು ಶೇಕಡ 2ರಷ್ಟು ಇದ್ದರೆ ಸಾಕು. ಮಿಕ್ಕದ್ದು ತಟಸ್ಥ ಮದ್ಯಸಾರವಾಗಬಹುದು. ಅದರ ಮೂಲ ಸಕ್ಕರೆ ಕಾರ್ಖಾನೆಯ ಕಾಕಂಬಿಯಾದರೂ ಅಡ್ಡಿಯಿಲ್ಲ. ಸೀಸೆಯ ಮೇಲೆ ಬ್ರಾಂದಿಯೆಂಬ ಹೆಸರು, ಒಳಗೆ ನೂರರಲ್ಲಿ ಎರಡು ಪಾಲು ದ್ರಾಕ್ಷಿ! ಹಾಲಿಗೆ ನೀರು ಬೆರೆಸುವವನೂ ಇಷ್ಟು ಧೈರ್ಯವನ್ನು ತೋರನು. ಇದರಲ್ಲಿ ಕಾನೂನುಭಂಗವೇನೂ ಇಲ್ಲ. ನಮ್ಮ ಆಕ್ಷೇಪಣೆ ಕಾನೂನಿನ ಮೇಲೆಯೇ ಹೊರತು ಅದನ್ನು ಅನುಸರಿಸುವ ವರ್ತಕರ ಮೇಲಲ್ಲ. ಬ್ರಾಂದಿಯ ಮಾರಾಟಕ್ಕೆ ದಕ್ಷಿಣ ಭಾರತವೇ ಮುಖ್ಯ ಪೇಟೆಯಾಗಿರುವಾಗ, ಆ ಪೇಟೆಯ ಬಾಗಿಲಲ್ಲೇ ಇರುವ ದ್ರಾಕ್ಷಿ ಬೆಳೆಗಾರನಿಗೆ ಅದರಲ್ಲಿ ಸಿಕ್ಕಬೇಕಾದ ಪಾಲು ಈ ಎರಡರ ಲೆಕ್ಕದಲ್ಲಿ ಮುಗಿದುಹೋಗುತ್ತದೆ.

ಇದಕ್ಕೆ ಪ್ರತಿಯಾಗಿ ಎರಡು ಮಾತುಗಳನ್ನು ಹೇಳುವವರುಂಟು. ನೀಲಿ ದ್ರಾಕ್ಷಿಯು ಇಸಾಬೆಲ್ಲಾ ಎಂಬ ಅಮೆರಿಕದ ತಳಿ, ಅದರ ಮದ್ಯದ ಮಾರಾಟವನ್ನು 1934ರಲ್ಲಿ ಫ್ರಾನ್ಸೇ ನಿಷೇಧಿಸಿತಲ್ಲ ಎಂಬುದು ಮೊದಲನೆಯದು. ನಿಜ. ಆದರೆ ಆ ಫ್ರಾನ್ಸಿನ ಬಳ್ಳಿಗಳು 1870ರ ದಶಕದಿಂದ ಫಿಲಾಕ್ಸೆರಾ ಎಂಬ ಬೇರುಕೀಟಕ್ಕೆ ತುತ್ತಾಗಿ ನಾಶವಾದಾಗ, ಕಾನ್ಯಾಕ್ ಸೀಮೆಯು ಮರಳಿ ಚಿಗುರಿದ್ದು ಅಮೆರಿಕದ ಬೇರಿನ ಮೇಲೆ ಕಸಿಮಾಡಿದ ಬಳ್ಳಿಗಳಿಂದಲೇ. ಮೇಲಾಗಿ, ಕಸಿಯಾದ ಮೇಲೆ ಹಳೆಯ ಫೋಲ್ ಬ್ಲಾಂಷ್ ತಳಿಯು ಸುಲಭವಾಗಿ ಕೊಳೆಯುತ್ತಿದ್ದುದರಿಂದ ಅವರು ಅದನ್ನು ಬಿಟ್ಟು ಉಞಿ ಬ್ಲಾಂ ಬಳ್ಳಿಯನ್ನು ಹಿಡಿದರು. ನಮ್ಮಲ್ಲಿಯೂ ಹೆಸರಘಟ್ಟದ ತೋಟಗಾರಿಕಾ ಸಂಶೋಧನ ಸಂಸ್ಥೆಯವರು ನೀಲಿ ದ್ರಾಕ್ಷಿಯನ್ನು ಬ್ಲಾಕ್ ಚಂಪಾದೊಡನೆ ಸಂಕರಿಸಿ ಅರ್ಕ ಶ್ಯಾಮವನ್ನೂ, ಅನಾಬ್-ಎ-ಷಾಹಿಯೊಡನೆ ಸಂಕರಿಸಿ ಅರ್ಕ ಹಂಸವನ್ನೂ ಎಂದೋ ಸಿದ್ಧಪಡಿಸಿದ್ದಾರೆ. ಯಲಹಂಕದಿಂದ ಕೂಗಳತೆಯಷ್ಟೇ ದೂರದಲ್ಲಿರುವ ವಿದ್ಯೆಯನ್ನು ಬಳಸಿಕೊಳ್ಳದಿರುವುದು ನಮ್ಮ ಔದಾಸೀನ್ಯವಲ್ಲದೆ ಮತ್ತೇನು?

ಎರಡನೆಯ ಮಾತು ಹವೆಯದು. ಕಾನ್ಯಾಕ್‌ನ ಉಗ್ರಾಣದಲ್ಲಿ ವರ್ಷಕ್ಕೆ ಸುಮಾರು ಶೇಕಡ 2ರಷ್ಟು ಸಾರವು ಆವಿಯಾಗಿ ಹೋಗುತ್ತದೆ. ಬೆಂಗಳೂರಿನಲ್ಲಿ ವಿಸ್ಕಿಯ ಪೀಪಾಯಿಗಳಿಂದ ಶೇಕಡ 10ಕ್ಕೂ ಹೆಚ್ಚು ಹೋಗುತ್ತದೆಂಬುದು ಇಲ್ಲಿಯ ತಯಾರಕರ ಅನುಭವ. ನಷ್ಟವು ದೊಡ್ಡದು. ಆದರೆ ಅದೇ ಉಷ್ಣದಿಂದ ಸರಕು ಬೇಗನೆ ಮಾಗುವುದೂ ಉಂಟು. 1948ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಅಮೃತ್ ಸಂಸ್ಥೆಯು 2004ರಲ್ಲಿ ತನ್ನ ವಿಸ್ಕಿಯನ್ನು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೇ ಒಯ್ದು ಮಾರಾಟಕ್ಕಿಟ್ಟು, ಬಲ್ಲವರ ಪ್ರಶಂಸೆಯನ್ನು ಸಂಪಾದಿಸಿತು. ನಮ್ಮ ಹವೆಯಲ್ಲಿ ಉತ್ತಮ ಪದಾರ್ಥ ಸಿದ್ಧವಾಗದೆಂಬ ವಾದಕ್ಕೆ ಇದೇ ಉತ್ತರ. ಪರದೇಶದ ವರ್ಷಗಳ ಲೆಕ್ಕವನ್ನು ನಕಲು ಮಾಡದೆ, ನಮ್ಮ ಬಿಸಿಲಿಗೆ ತಕ್ಕ ಲೆಕ್ಕವನ್ನು ನಾವೇ ಕಟ್ಟಿಕೊಳ್ಳಬೇಕು.

ಆದಕಾರಣ ಸರ್ಕಾರದವರಲ್ಲಿ ನಾವು ಮೂರು ವಿಷಯಗಳನ್ನು ಸೂಚಿಸುತ್ತೇವೆ. ಬ್ರಾಂದಿಯ ಪ್ರತಿಯೊಂದು ಸೀಸೆಯ ಮೇಲೂ ದ್ರಾಕ್ಷಿಯ ಪಾಲು ನೂರಕ್ಕೆ ಎಷ್ಟೆಂದು ಎದ್ದುಕಾಣುವಂತೆ ಅಚ್ಚಾಗಲಿ. ಇದು ಕೇಂದ್ರ ಸರ್ಕಾರದ ಕೈಯಲ್ಲಿರುವ ಕಾರ್ಯ. ಎರಡನೆಯದಾಗಿ, ಭೌಗೋಳಿಕ ಸೂಚಕದ ಎಲ್ಲೆಯೊಳಗೆ ಬೆಳೆದ ದ್ರಾಕ್ಷಿಯಿಂದಲೇ ಮಾಡಿದ ಬ್ರಾಂದಿಗೆ ಪ್ರತ್ಯೇಕ ದರ್ಜೆಯೊಂದು ಏರ್ಪಡಲಿ. 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯ ಮೂಲಕ ವೈನಿಗೆ ಪ್ರೋತ್ಸಾಹ ಕೊಟ್ಟ ರಾಜ್ಯಕ್ಕೆ ಇದು ಅಸಾಧ್ಯವಲ್ಲ. ಮೂರನೆಯದಾಗಿ, ದೊಡ್ಡಬಳ್ಳಾಪುರದ ಮಣ್ಣಿಗೂ ನಂದಿ ಬೆಟ್ಟದ ತಪ್ಪಲಿನ ಮಣ್ಣಿಗೂ ಕೋಲಾರದ ಮಣ್ಣಿಗೂ ಸಾರದಲ್ಲಿ ಏನು ಭೇದವಿದೆ, ಯಾವುದನ್ನು ಯಾವುದಕ್ಕೆ ಕೂಡಿಸಿದರೆ ಚೆನ್ನೆಂಬುದನ್ನು ಹೆಸರಘಟ್ಟದವರೂ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯದವರೂ ಸೇರಿ ಪರೀಕ್ಷಿಸಲಿ. ಫಲಿತಾಂಶವು ಪ್ರತಿಕೂಲವಾದರೂ ಚಿಂತೆಯಿಲ್ಲ. ಹಣ್ಣಿನ ರಸಕ್ಕೋ ಜಾಮಿಗೋ ಆ ಜ್ಞಾನವೇ ಉಪಯೋಗಕ್ಕೆ ಬರುವುದು.

ಪಾನನಿರೋಧವನ್ನು ರಾಜ್ಯಾಂಗದ 47ನೆಯ ವಿಧಿಯು ಸರ್ಕಾರದ ಧ್ಯೇಯವಾಗಿ ಹೇಳಿರುವಾಗ ಪತ್ರಿಕೆಯೊಂದು ಬ್ರಾಂದಿಯ ಮಾತನ್ನೆತ್ತುವುದೇ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಕುಡಿಯಿರೆಂದು ನಾವು ಯಾರಿಗೂ ಹೇಳುತ್ತಿಲ್ಲ. ಕುಡಿಯುವವನಿಗೆ ತಾನು ಕುಡಿಯುವುದೇನೆಂದು ತಿಳಿಯಲಿ, ಬೆಳೆಯುವವನಿಗೆ ತನ್ನ ಬೆಳೆಯ ಹೆಸರಿನ ಬೆಲೆ ದೊರೆಯಲಿ ಎನ್ನುತ್ತಿದ್ದೇವೆ. ಎಲ್ಲೆ ಗುರುತಾಗಿ ಒಂದು ಶತಮಾನ ಕಳೆದ ಮೇಲೂ ಕಾನ್ಯಾಕ್‌ನ ಬಳ್ಳಿಗಳು ನಿಂತಿರುವುದು ಸುಣ್ಣದ ಮಣ್ಣಿನಿಂದ ಮಾತ್ರವಲ್ಲ, ಚೀಟಿಯ ಮೇಲಿನ ಮಾತು ಸುಳ್ಳಾಗದಂತೆ ನೋಡಿಕೊಂಡ ಕಟ್ಟುಪಾಡಿನಿಂದ. ದೇವನಹಳ್ಳಿಯ ರೈತನು ತನ್ನ ನೆಲವನ್ನು ತಾನೇ ಉಳಿಸಿಕೊಂಡನು. ಆ ನೆಲದ ಹೆಸರನ್ನು ಉಳಿಸಿಕೊಡುವ ಹೊಣೆ ಈಗ ಅಧಿಕಾರಸ್ಥರದು.