ಬಿಟ್ಟುಹೋದವನಿಗೆ ದ್ರೋಹಿ ಅನ್ನಬೇಡಿ

ನಾಳೆ ಬುಧವಾರ, 2021ರ ಡಿಸೆಂಬರ್ 29. ರಾತ್ರಿ ಎಫ್‌ಸಿ ಗೋವಾ ತಂಡ ಎಟಿಕೆ ಮೋಹನ್ ಬಾಗಾನ್ ಎದುರು ಆಡಲಿದೆ. ಆ ಕಡೆಯ ಕೋಚ್ ಹುವಾನ್ ಫೆರಾಂಡೊ. ಇದೇ ತಿಂಗಳ 20ನೇ ತಾರೀಖಿನವರೆಗೆ ಆತ ನಮ್ಮ ಕೋಚ್ ಆಗಿದ್ದ. ಕೋಲ್ಕತ್ತದವರು ತಮ್ಮ ಕೋಚ್ ಹಬಾಸ್‌ರನ್ನು ಕಳಿಸಿಕೊಟ್ಟರು, ಕರಾರಿನಲ್ಲಿ ಬರೆದಿದ್ದ ಬಿಡುಗಡೆಯ ಹಣ ಕಟ್ಟಿ ನಮ್ಮವನನ್ನು ಕರೆದುಕೊಂಡರು. ಮರುದಿನವೇ ಅವರ ತಂಡ ನಾರ್ತ್ ಈಸ್ಟ್ ವಿರುದ್ಧ 3-2ರಿಂದ ಗೆದ್ದೂ ಬಿಟ್ಟಿತು. ಈ ಬರಹ ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ನಾಳಿನ ಪಂದ್ಯ ಮುಗಿದಿರಬಹುದು. ಇರಲಿ, ನನ್ನ ತಕರಾರು ಅಂಕಪಟ್ಟಿಯ ಬಗ್ಗೆ ಅಲ್ಲ.

ವಾಸ್ಕೋದ ನನ್ನ ಬಾಲ್ಯದ ಗೆಳೆಯರದೊಂದು ವಾಟ್ಸಾಪ್ ಗುಂಪಿದೆ. ಒಂದು ವಾರದಿಂದ ಅಲ್ಲಿ ಬೇರೆ ಮಾತಿಲ್ಲ. ಫೆರಾಂಡೊ ಮುಖಕ್ಕೆ ಹಾವಿನ ಮೈ ಅಂಟಿಸಿದ ಚಿತ್ರ, ನೋಟಿನ ಕಂತೆಯ ಚಿತ್ರ, ಯೂದನ ಹೆಸರು, ಮತ್ತೆ ಮತ್ತೆ ಒಂದೇ ಪದ: ದ್ರೋಹಿ. ಕೋವಿಡ್‌ನಿಂದಾಗಿ ಇಡೀ ಲೀಗು ಎರಡನೇ ವರ್ಷವೂ ಗೋವಾದಲ್ಲೇ, ಖಾಲಿ ಸ್ಟೇಡಿಯಮ್ಮುಗಳಲ್ಲಿ ನಡೆಯುತ್ತಿದೆ. ಮನೆಯಿಂದ ಕೂಗಳತೆಯಲ್ಲಿ ಪಂದ್ಯ, ಒಳಗೆ ಕಾಲಿಡುವಂತಿಲ್ಲ. ಆ ಸಂಕಟವೂ ಸೇರಿ ಬೈಗುಳ ಇನ್ನಷ್ಟು ಹುಳಿಯಾಗಿದೆ. ಎದುರಾಳಿಯ ಬಸ್ಸು ಬರುವ ದಾರಿಯಲ್ಲಿ ನಿಂತು ಕೂಗೋಣವೆಂದು ಒಬ್ಬ. ಬಸ್ಸಿನ ಕಿಟಕಿ ಮುಚ್ಚಿರುತ್ತದೆ ಮಾರಾಯಾ ಎಂದು ಇನ್ನೊಬ್ಬ.

ನಾನು ಒಂದೇ ಸಾಲು ಬರೆದೆ: 'ಇಷ್ಟು ದುಡ್ಡು ಕೊಟ್ಟರೆ ಹೋಗಬಹುದು ಅಂತ ಅವನ ಕರಾರಿನಲ್ಲಿ ಸಹಿ ಹಾಕಿದ್ದು ನಮ್ಮ ಕ್ಲಬ್ಬೇ ಅಲ್ಲವೇ?' ಎರಡು ನಿಮಿಷದಲ್ಲಿ ಕೊಂಕಣಿಯಲ್ಲಿ ಉತ್ತರ ಬಂತು. 'ನೀನೂ ಬಿಟ್ಟು ಪುಣೆಗೆ ಹೋದವನೇ ಅಲ್ಲವಾ, ಅವನ ಪರ ಮಾತಾಡದೆ ಇನ್ಯಾರ ಪರ ಮಾತಾಡ್ತೀಯ?' ಕೆಳಗೆ ನಗುವ ಮುಖಗಳು ಸಾಲಾಗಿ ಬಂದವು. ನಾನೂ ಒಂದು ನಗುವ ಮುಖ ಹಾಕಿ ಸುಮ್ಮನಾದೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ.

ನನ್ನ ಅಪ್ಪ ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ಮಳೆ ಕೈಕೊಟ್ಟ ಒಂದು ವರ್ಷ ಹೊಲ ದಾಯಾದಿಗಳಿಗೆ ಬಿಟ್ಟು, ಮುರ್ಮಗೋವಾ ಬಂದರಿಗೆ ಕೂಲಿಗೆ ಬಂದ. ಅಲ್ಲಿಗೆ ಹೊಸಪೇಟೆ, ಬಳ್ಳಾರಿಯ ಕಡೆಯಿಂದ ಅದಿರು ತುಂಬಿದ ಗಾಡಿಗಳು ಕ್ಯಾಸಲ್‌ರಾಕ್ ಘಾಟಿ ಇಳಿದು ಬರುತ್ತಿದ್ದವು. ಜನವೂ ಅದೇ ಹಳಿಯಲ್ಲಿ ಇಳಿದು ಬಂತು. ನಾನು ಹುಟ್ಟಿದ್ದು, ಓದಿದ್ದು, ಚೆಂಡು ಒದೆಯಲು ಕಲಿತದ್ದು ಎಲ್ಲ ವಾಸ್ಕೋದಲ್ಲೇ. ಆದರೂ ಅಲ್ಲಿ ನಾವು ಘಾಟಿಗಳು. ಘಟ್ಟದ ಮೇಲಿನಿಂದ ಬಂದವರು ಎಂಬ ಅರ್ಥ ಅಷ್ಟೇ, ಆದರೆ ಅದನ್ನು ಅನ್ನುವ ಬಾಯಿ ಅರ್ಥವನ್ನು ಬದಲಿಸುತ್ತದೆ. (ಮುಂಬಯಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಇಂಡಿಗೆ ಹೋದರೆ ಅಲ್ಲಿ ಇನ್ನೊಂದು ಮಾತು, ಊರು ಬಿಟ್ಟು ಹೋದವರು. ಜಾತ್ರೆಯ ಪಟ್ಟಿ ಕೇಳಲು ಮಾತ್ರ ನಮ್ಮ ಫೋನ್ ನಂಬರು ಎಲ್ಲರ ಬಳಿ ಇರುತ್ತದೆ. ಎಫ್‌ಸಿ ಗೋವಾದ ಗುರುತು ಕಾಡುಕೋಣ. ಮಲೆನಾಡಿನವರು ಅದನ್ನು ಕಾಟಿ ಅನ್ನುತ್ತಾರೆ. ಕಾಟಿಯ ತಂಡಕ್ಕೆ ಘಾಟಿಯ ಅಭಿಮಾನಿ ಎಂದು ನನ್ನನ್ನೇ ನಾನು ಗೇಲಿ ಮಾಡಿಕೊಂಡಿದ್ದೇನೆ. 2014ರಲ್ಲಿ ಝೀಕೊ ಕೋಚ್ ಆಗಿ ಬಂದಾಗಿನಿಂದ, ಫಟೋರ್ಡಾದ ಮೆಟ್ಟಿಲ ಮೇಲೆ ಕೂತ ಮೂರು ಗಂಟೆ ಮಾತ್ರ ನನ್ನನ್ನು ಯಾರೂ ಎಲ್ಲಿಯವನು ಎಂದು ಕೇಳಿರಲಿಲ್ಲ. ಅದಕ್ಕೇ ಆ ತಂಡ ನನಗೆ ಬೇಕು. ಅದಕ್ಕೇ ಆ ಗುಂಪಿನ ಮಾತು ಅಷ್ಟು ಒಳಗೆ ಹೋಯಿತು.

ಈಗ ಸಿಟ್ಟಿನ ಲೆಕ್ಕಕ್ಕೆ ಬರೋಣ. ಫೆರಾಂಡೊಗೆ ಮೊದಲು ನಮಗೆ ಸೆರ್ಜಿಯೊ ಲೊಬೆರಾ ಇದ್ದ. 2017ರಲ್ಲಿ ಬಂದವನು. ಚೆಂಡನ್ನು ಕಾಲಿನಿಂದ ಕಾಲಿಗೆ ಪೋಣಿಸುವ, ನೋಡಿದರೆ ಹಸಿವು ಮರೆಸುವ ಆಟವನ್ನು ಕಲಿಸಿದ. 2019ರ ಮಾರ್ಚ್ 17ರಂದು ಫೈನಲ್ ನೋಡಲು ನಾನು ಪುಣೆಯಿಂದ ಅಂಧೇರಿಗೆ ಹೋಗಿದ್ದೆ, ಕಿತ್ತಳೆ ಜೆರ್ಸಿ ತೊಟ್ಟು. ಎದುರಾಳಿ ಬೆಂಗಳೂರು. ಸುತ್ತ ನೀಲಿ ಅಂಗಿಯ ಕನ್ನಡದ ಹುಡುಗರು, ನನ್ನ ಫೋನ್ ಮಾತು ಕೇಳಿ, 'ಏನ್ ಸಾರ್, ಕನ್ನಡದೋರಾಗಿ ಗೋವಾಗೆ ಸಪೋರ್ಟಾ?' ಎಂದರು. ಅಲ್ಲೂ ನಾನೇ ದ್ರೋಹಿ. 117ನೇ ನಿಮಿಷದಲ್ಲಿ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲಿಗೆ ನಾವು ಸೋತೆವು. ಭೆಕೆ ಮುಂಬಯಿಯ ಹುಡುಗ, ಗೆಲ್ಲಿಸಿದ್ದು ಬೆಂಗಳೂರನ್ನು. ಈ ವರ್ಷ ಮುಂಬಯಿಗೇ ಆಡುತ್ತಿದ್ದಾನೆ. ಕಾಲ್ಚೆಂಡು ಎಂದರೆ ಹೀಗೆ, ಜನ ಬರುತ್ತಾರೆ, ಹೋಗುತ್ತಾರೆ.

ಆ ಲೊಬೆರಾನನ್ನು ಕ್ಲಬ್ಬು 2020ರ ಜನವರಿ 31ರಂದು ತೆಗೆದುಹಾಕಿತು. ಲೀಗಿನಲ್ಲಿ ಮೂರೇ ಪಂದ್ಯ ಬಾಕಿ ಇದ್ದವು, ತಂಡ ಪಟ್ಟಿಯ ಮೇಲ್ತುದಿಯಲ್ಲಿತ್ತು. ಕೆಲವೇ ವಾರದಲ್ಲಿ ಗೋವಾ ಲೀಗ್ ಶೀಲ್ಡ್ ಗೆದ್ದಿತು, ಏಷ್ಯಾದ ಚಾಂಪಿಯನ್ಸ್ ಲೀಗಿನ ಗುಂಪು ಹಂತಕ್ಕೆ ಹೋದ ಮೊದಲ ಭಾರತೀಯ ತಂಡವಾಯಿತು. ಫಲಕ ಎತ್ತುವಾಗ ತಂಡ ಕಟ್ಟಿದವನು ಅಲ್ಲಿರಲಿಲ್ಲ. ಆಗ ನಮ್ಮ ಗುಂಪಿನಲ್ಲಿ ಯಾರ ಮುಖಕ್ಕೆ ಹಾವಿನ ಮೈ ಅಂಟಿತ್ತು? ಯಾರದಕ್ಕೂ ಇಲ್ಲ. 'ಆಡಳಿತದವರಿಗೆ ಏನೋ ಕಾರಣ ಇರಬೇಕು' ಎಂದಿದ್ದರು ಇದೇ ಗೆಳೆಯರು. ಮರುವರ್ಷ ಅದೇ ಲೊಬೆರಾ ಮುಂಬಯಿ ಸಿಟಿಯ ಕೋಚ್ ಆಗಿ, ನಮ್ಮ ನಾಲ್ವರು ಆಟಗಾರರೊಂದಿಗೆ ಎದುರು ನಿಂತಾಗ ಮಾತ್ರ ಬಾಯಿ ಬಂತು. ತೆಗೆದುಹಾಕಿದ ಮನುಷ್ಯ ಇನ್ನೊಂದು ಕಡೆ ಕೆಲಸ ಹುಡುಕಿಕೊಂಡದ್ದು ಅಪರಾಧ! ಆ ನವೆಂಬರ್‌ನಲ್ಲಿ ಕೊನೆಯ ಗಳಿಗೆಯ ಪೆನಾಲ್ಟಿಗೆ ಸೋತೆವು, ಮಾರ್ಚ್‌ನ ಸೆಮಿಫೈನಲ್ಲಿನಲ್ಲಿ ಪೆನಾಲ್ಟಿ ಸರದಿಯಲ್ಲಿ ಮತ್ತೆ ಸೋತೆವು. ನಮ್ಮನ್ನು ಮನೆಗೆ ಕಳಿಸಿದ ಆ ಕೊನೆಯ ಒದೆತ ಗೋವಾದವನೇ ಆದ ರೌಲಿನ್ ಬೋರ್ಜೆಸ್‌ನದು. ಮುಂಬಯಿ ಕಪ್ಪನ್ನೂ ಗೆದ್ದಿತು. ನನಗೆ ಹೊಟ್ಟೆ ಉರಿಯಲಿಲ್ಲವೇ? ಉರಿಯಿತು. ಆದರೆ ಉರಿ ಯಾರ ಕಡೆಗೆ ಇರಬೇಕಿತ್ತು?

ಕ್ಲಬ್ಬು ಕೋಚನ್ನು ಕಳಿಸಿದರೆ ಅದು ನಿರ್ಧಾರ, ಕೋಚ್ ಕ್ಲಬ್ಬನ್ನು ಬಿಟ್ಟರೆ ದ್ರೋಹ. ಈ ನಿಘಂಟನ್ನು ನಾನು ಬೇರೆ ಕಡೆಯೂ ನೋಡಿದ್ದೇನೆ. ಪುಣೆಯಲ್ಲಿ ನಾನು ಕೆಲಸ ಮಾಡುತ್ತಿದ್ದ ಕಂಪನಿ 2020ರ ಲಾಕ್‌ಡೌನಿನಲ್ಲಿ ಒಂದು ವಿಡಿಯೊ ಕರೆಯಲ್ಲಿ ನಮ್ಮ ವಿಭಾಗದ ಹನ್ನೊಂದು ಜನರನ್ನು ಮನೆಗೆ ಕಳಿಸಿತು. ಹದಿನಾಲ್ಕು ನಿಮಿಷದ ಕರೆ. ನಾನು ಉಳಿದುಕೊಂಡೆ, ಉಳಿದುಕೊಂಡವರೆಲ್ಲ ಮೈಕು ಬಂದ್ ಮಾಡಿಕೊಂಡು ಕೂತಿದ್ದೆವು. ಮುಂದಿನ ವರ್ಷ ನಮ್ಮಲ್ಲೊಬ್ಬಳು, ಕಲಬುರಗಿಯ ಕಡೆಯ ಹುಡುಗಿ, ಒಳ್ಳೆಯ ಸಂಬಳ ಸಿಕ್ಕಿತೆಂದು ಕೆಲಸದ ನಡುವೆ ರಾಜೀನಾಮೆ ಕೊಟ್ಟಳು. ನೋಟಿಸ್ ಅವಧಿಯ ಹಣವನ್ನೂ ಕಟ್ಟಿದಳು. ಸಾಹೇಬರು ಎಲ್ಲರೆದುರು ಅವಳಿಗೆ ನಿಷ್ಠೆಯ ಪಾಠ ಹೇಳಿದರು. ಆಗಲೂ ನಮ್ಮ ಮೈಕು ಬಂದ್. ಅದಕ್ಕೇ ನನಗೆ ನಿಷ್ಠೆ ಎಂಬ ಪದ ಕೇಳಿದರೆ, ಹೇಳುತ್ತಿರುವವರು ಕುರ್ಚಿಯ ಯಾವ ಕಡೆ ಕೂತಿದ್ದಾರೆ ಎಂದು ಮೊದಲು ನೋಡುವ ಚಟ ಅಂಟಿದೆ.

'ಕೋಟ್ಯಂತರ ಎಣಿಸುವ ಸ್ಪೇನಿನ ಕೋಚನ್ನೂ ಬಂದರಿನ ಕೂಲಿಯನ್ನೂ ಒಂದೇ ತಕ್ಕಡಿಗೆ ಹಾಕುತ್ತೀಯಾ?' ಎಂದು ನೀವು ಕೇಳಬಹುದು. ಹಾಕುತ್ತಿಲ್ಲ. ಫೆರಾಂಡೊ ಹಸಿದು ಹೋದವನಲ್ಲ. ಇನ್ನೂ ಗಟ್ಟಿಯಾದ ತಕರಾರು ಬೇರೆ ಇದೆ: ಆತ ಹೋದದ್ದು ಋತುವಿನ ನಡುವೆ. ಅವನ ಲೆಕ್ಕಾಚಾರದ ಮೇಲೆ ತಂಡ ಕಟ್ಟಿಯಾಗಿತ್ತು. ಅಕ್ಟೋಬರ್‌ನಲ್ಲಿ ಮೊಹಮ್ಮಡನ್ ಎದುರು ಎಡು ಬೇಡಿಯಾನ ಗೋಲಿನಿಂದ ಡ್ಯುರಾಂಡ್ ಕಪ್ ಗೆದ್ದ ಖುಷಿ ಇನ್ನೂ ಬಾಯಲ್ಲಿತ್ತು. ಲೀಗಿನಲ್ಲಿ ಮೊದಲ ಮೂರು ಪಂದ್ಯ ಸೋತೆವು, ಆಮೇಲೆ ಈಸ್ಟ್ ಬೆಂಗಾಲ್ ಎದುರು 4-3, ಬೆಂಗಳೂರು ಎದುರು 2-1, ಆಗಷ್ಟೇ ಉಸಿರು ಬರುತ್ತಿತ್ತು. ಬಿತ್ತನೆ ಮುಗಿಸಿ ಎಡೆ ಹೊಡೆಯುವ ಹೊತ್ತಿಗೆ ಹೊಲ ಬಿಟ್ಟು ಪಕ್ಕದವನ ಹೊಲಕ್ಕೆ ಹೋದ ಪಾಲಿನವನ ಹಾಗೆ ಹೋದ. ಇದು ಸರಿಯೆಂದು ನಾನು ಹೇಳಲಾರೆ. ನನಗೂ ಸಿಟ್ಟಿದೆ. ನಾಳೆ ಅವನ ತಂಡ ಮೂರು ಗೋಲಿನಿಂದ ಸೋಲಲಿ, ಬೆಂಚಿನ ಪಕ್ಕದಲ್ಲಿ ಆತ ತಲೆ ಹಿಡಿದು ನಿಲ್ಲಲಿ ಎಂದು ಮನಸಾರೆ ಹಾರೈಸುತ್ತೇನೆ. ಅದು ಆಟದೊಳಗಿನ ಸಿಟ್ಟು. ದ್ರೋಹಿ ಎನ್ನುವುದು ಆಟದ ಮಾತಲ್ಲ. ಆ ಪದಕ್ಕೆ ಊರು, ನೆಲ, ರಕ್ತ ಎಲ್ಲ ಅಂಟಿಕೊಂಡು ಬರುತ್ತವೆ. ಅದನ್ನು ಕೋಚ್‌ಗೆ ಎಂದು ಎತ್ತಿದವರು ಎರಡೇ ನಿಮಿಷದಲ್ಲಿ ನನ್ನ ಕಡೆ ತಿರುಗಿಸಿದ್ದನ್ನು ನೋಡಿದಿರಲ್ಲ.

ತಮಾಷೆಯೆಂದರೆ, ಹೋಗುವುದನ್ನು ಗೋವಾದವರಿಗೆ ಯಾರೂ ಕಲಿಸಬೇಕಿಲ್ಲ. ಮುಂಬಯಿಯ ಧೋಬಿ ತಲಾವ್ ಸುತ್ತಮುತ್ತ ಇವತ್ತಿಗೂ ಗೋವಾದ ಊರೂರಿನ ಹೆಸರಿನ ಕೂಡ್‌ಗಳಿವೆ. ಹಡಗಿನ ಕೆಲಸಕ್ಕೆ ಹೊರಟವರು ಟ್ರಂಕು ಇಟ್ಟು, ಜಪಮಾಲೆ ಹೇಳಿ, ಕರೆ ಬರುವವರೆಗೆ ಕಾಯುತ್ತಿದ್ದ ಮನೆಗಳು. ನನಗೆ ಉತ್ತರ ಬರೆದ ಗೆಳೆಯನ ಅಜ್ಜ ಹಡಗಿನಲ್ಲಿ ಅಡುಗೆಯವ, ಚಿಕ್ಕಪ್ಪ ಕುವೈತಿನಲ್ಲಿ, ಅಕ್ಕ ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿಕೊಂಡು ಇಂಗ್ಲೆಂಡಿನಲ್ಲಿ. ಅವರ ಮನೆಯ ಬಾಲ್ಕಾವ್ ಮೇಲೆ ಕೂತು ನಾವು ಫೆನ್ನಿ ಕುಡಿದದ್ದೂ ಹಾಗೆ ಹೋದವರ ದುಡಿಮೆಯ ನೆರಳಿನಲ್ಲೇ. ಅವರನ್ನು ಯಾರೂ ದ್ರೋಹಿಗಳು ಅನ್ನುವುದಿಲ್ಲ, ಅನ್ನಬಾರದು. ನಾಳೆ ಕೋಲ್ಕತ್ತದ ಪರ ಆಡುವ ಲಿಸ್ಟನ್ ಕೊಲಾಸೊ ಕೂಡ ಗೋವಾದ ಹುಡುಗನೇ. ಹಿಂದೆ ನಮ್ಮ ತಂಡದಲ್ಲೇ ಇದ್ದ. ಅವನು ಚೆನ್ನಾಗಿ ಆಡಿದರೆ ನಮ್ಮವನು ಅನ್ನುತ್ತೇವೆ.

ಸಿಟ್ಟಿಗೆ ಯೋಗ್ಯವಾದದ್ದು ಬೇಕೇ? ನಾನು ಕೊಡುತ್ತೇನೆ. 2016ರಲ್ಲಿ ಡೆಂಪೊ, ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಗೋವಾ ಮೂರೂ ಐ-ಲೀಗಿನಿಂದ ಹೊರಬಂದವು. ದೇಶದ ಲೀಗನ್ನು ಐದು ಸಲ ಗೆದ್ದ ಡೆಂಪೊ! ಹೊಸ ಲೀಗಿಗೆ ಹಳೆಯ ಕ್ಲಬ್ಬುಗಳು ಮೆಟ್ಟಿಲಾಗಬೇಕು ಎಂಬ ಮೇಲಿನವರ ಲೆಕ್ಕಾಚಾರವನ್ನು ಪ್ರತಿಭಟಿಸಿ ಬಂದವು. ಹಾಗಾದರೂ ಮೈದಾನದ ಹೊರಗೆ ಉಳಿದದ್ದು ಜನ. ಪುಣೆಯ ಕಥೆ ಇನ್ನೂ ಚೆಂದ. ಬಾಲೇವಾಡಿಗೆ ಗೋವಾ ಬಂದಾಗಲೆಲ್ಲ ನಾನು ಹೋಗುತ್ತಿದ್ದೆ. ಪಕ್ಕದ ಸಾಲಿನಲ್ಲಿ ಎಫ್‌ಸಿ ಪುಣೆ ಸಿಟಿಯ ಅಂಗಿ ತೊಟ್ಟ ಒಬ್ಬ ಕಾಕಾ ಪ್ರತಿಸಲ ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಿದ್ದರು. 2019ರಲ್ಲಿ ಆ ಕ್ಲಬ್ಬೇ ಮುಚ್ಚಿತು, ಅದರ ಜಾಗಕ್ಕೆ ಹೈದರಾಬಾದಿನಲ್ಲಿ ಒಂದು ತಂಡ ಹುಟ್ಟಿತು. ಅದೇ ವರ್ಷ ಡೆಲ್ಲಿ ಡೈನಮೋಸ್ ಗಂಟುಮೂಟೆ ಕಟ್ಟಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಹೈದರಾಬಾದಿನ, ದಿಲ್ಲಿಯ ಓದುಗರೇ, ಒಂದು ಊರಿನವರಿಗೆ ಸಿಕ್ಕಿತು, ಇನ್ನೊಂದು ಊರಿನವರದು ಹೋಯಿತು. ನಿಮ್ಮನ್ನು ಯಾರಾದರೂ ಕೇಳಿದರೇ? ಆ ಮೊಮ್ಮಗ ಯಾರಿಗೆ ಕೂಗಬೇಕು? ಕೋಚ್ ಹೋದರೆ ಮತ್ತೊಂದು ಪಂದ್ಯದಲ್ಲಿ ಎದುರು ಸಿಗುತ್ತಾನೆ, ಹೀಯಾಳಿಸಬಹುದು. ಕ್ಲಬ್ಬನ್ನೇ ಎತ್ತಿಕೊಂಡು ಹೋದ ಮಾಲೀಕ ಯಾವ ಬೆಂಚಿನಲ್ಲೂ ಕೂರುವುದಿಲ್ಲ.

ಈ ವಿಷಯದಲ್ಲಿ ನಮಗಿಂತ ನಾಳಿನ ಎದುರಾಳಿಯ ಅಭಿಮಾನಿಗಳೇ ಜಾಣರು. 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್ ಹೆಸರಿನ ಮುಂದೆ ಕಳೆದ ವರ್ಷ ಎಟಿಕೆ ಎಂಬ ಬಾಲವನ್ನು ತಲೆಗೆ ಕಟ್ಟಿದರಲ್ಲ, ಅದನ್ನು ತೆಗೆಯಿರಿ ಎಂದು ಅವರು ಬೀದಿಗಿಳಿದಿದ್ದಾರೆ. ತಂಡ ಗೆಲ್ಲುತ್ತಿರುವಾಗಲೂ ಕೂಗುತ್ತಿದ್ದಾರೆ. ಕೋಚ್‌ಗೆ ಅಲ್ಲ, ಆಟಗಾರರಿಗೆ ಅಲ್ಲ, ಹೆಸರನ್ನು ಕೊಂಡವರಿಗೆ. ನಮ್ಮ ಗುಂಪಿನಲ್ಲಿ ಒಬ್ಬನಾದರೂ, ಬಿಡುಗಡೆಯ ಹಣ ಬಂತಲ್ಲ, ಅದರಲ್ಲಿ ನಮ್ಮ ಕ್ಲಬ್ಬು ಏನು ಮಾಡುತ್ತದೆ, ಗೋವಾದ ಹುಡುಗರ ತರಬೇತಿಗೆ ಎಷ್ಟು ಹೋಗುತ್ತದೆ ಎಂದು ಕೇಳಿದನೇ? ಹಾವಿನ ಚಿತ್ರ ಹುಡುಕುವುದು ಸುಲಭ.

ನಿನ್ನೆ ಅಪ್ಪನಿಗೆ ಫೋನ್ ಮಾಡಿದ್ದೆ. ಈಗ ವಾಸ್ಕೋದ ಮನೆಯಲ್ಲಿ ಒಬ್ಬನೇ ಇದ್ದಾನೆ, ಕಾಲು ನೋವು, ಟಿವಿಯಲ್ಲಿ ಯಾವ ಪಂದ್ಯವನ್ನೂ ಬಿಡುವುದಿಲ್ಲ. ಆಟದ ನಿಯಮ ಇವತ್ತಿಗೂ ಪೂರ್ತಿ ತಿಳಿಯದು, ಆಫ್‌ಸೈಡ್ ಎಂದರೆ ಅಂಪೈರನ ಮರ್ಜಿ ಎಂದು ನಂಬಿದ್ದಾನೆ. ನಮ್ಮ ಕೋಚ್ ಕೋಲ್ಕತ್ತಕ್ಕೆ ಹೋದ ವಿಷಯ ಅವನಿಗೆ ಗೊತ್ತಿರಲಿಲ್ಲ. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

'ಅಲ್ಲಿ ಪಗಾರ ಛಲೋ ಅದ ಏನ ತಮ್ಮಾ?'

'ಇರಬೇಕಪ್ಪಾ.'

'ಹಂಗಾದ್ರ ಹೋಗ್ತಾನ ಬಿಡು. ನಾಳಿ ನಮ್ಮ ಹುಡುಗರಿಗೆ ಹೊಸಬಾಂವ ಯಾರು?'

ಡೆರಿಕ್ ಪಿರೇರಾ, ಗೋವಾದವರೇ ಎಂದೆ. ಅವನಿಗೆ ಸಮಾಧಾನವಾಯಿತು. ಪಂದ್ಯ ಶುರುವಾಗುವ ಮೊದಲು ಫೋನ್ ಮಾಡು, ರಿಮೋಟಿನ ಗುಂಡಿ ಮರೆತುಹೋಗಿದೆ ಎಂದು ಹೇಳಿ ಇಟ್ಟ.