ಇಂಗ್ಲಿಷ್ ಪದ ಯಾರಪ್ಪನ ಸ್ವತ್ತು?



ಇಂಗ್ಲಿಷು ಯಾರಪ್ಪನ ಮನೆ ಸ್ವತ್ತೂ ಅಲ್ಲ. ಆದರೂ ಎಸ್ಸೆಸ್ಸೆಲ್ಸಿಯನ್ನು ಕನ್ನಡದಲ್ಲಿ ಪಾಸು ಮಾಡಿ ಪಿಯುಸಿ ಸೈನ್ಸಿಗೆ ಸೇರಿದ ನಮ್ಮ ಎಷ್ಟೋ ಹುಡುಗ ಹುಡುಗಿಯರು ಮೊದಲ ತಿಂಗಳಲ್ಲೇ ಮಂಕಾಗಿ ಕೂರುತ್ತಾರೆ. ಲೆಕ್ಕ ಬರುತ್ತದೆ, ಪ್ರಯೋಗ ಬರುತ್ತದೆ, ಪದ ಬರುವುದಿಲ್ಲ. ಕೆಲವರು ಆರ್ಟ್ಸಿಗೆ ಬದಲಾಯಿಸಿಕೊಳ್ಳುತ್ತಾರೆ. ಕೆಲವರು ಟ್ರಂಕು ಎತ್ತಿಕೊಂಡು ಊರಿಗೇ ಹೊರಟುಬಿಡುತ್ತಾರೆ. ಆಗ ‘ಇವರ ತಲೆಗೆ ಹತ್ತೋದಿಲ್ಲ’ ಅನ್ನುವವರು ಸಿದ್ಧವಾಗಿರುತ್ತಾರೆ. ತಲೆಮಾರುಗಟ್ಟಲೆ ಅಕ್ಷರದ ಬಾಗಿಲು ಮುಚ್ಚಿ, ಆಮೇಲೆ ಇವರು ಒಳಗೇ ಬರಲಿಲ್ಲ ಎಂದು ಬೈಯುವ ಜಾಣತನ ಇದು.

ನಾವು ಒಂದು ಪ್ರಶ್ನೆ ಕೇಳುತ್ತೇವೆ. ಹೈಸ್ಕೂಲಿನಲ್ಲಿ ‘ದ್ಯುತಿಸಂಶ್ಲೇಷಣೆ’ ಎಂದು ಬರೆದು ನಂಬರು ತೆಗೆದೆವಲ್ಲ, ಅದು ಯಾವ ಕೇರಿಯ ಮಾತು? ನಮ್ಮ ಅವ್ವ ಅಪ್ಪ ಎಂದಾದರೂ ಆಡಿದ ಮಾತೇ? ದ್ಯುತಿ ಅಂದರೆ ಬೆಳಕು, ಸಂಶ್ಲೇಷಣೆ ಅಂದರೆ ಕೂಡಿಸಿ ಕಟ್ಟುವುದು. ‘ಫೋಟೋಸಿಂಥೆಸಿಸ್’ ಕೂಡ ಅದೇ. ಫೋಟೋ ಬೆಳಕು, ಸಿಂಥೆಸಿಸ್ ಕೂಡಿಸುವುದು. ಒಂದು ಸಂಸ್ಕೃತದಿಂದ ಬಂತು, ಇನ್ನೊಂದು ಗ್ರೀಕಿನಿಂದ ಬಂತು. ಎರಡೂ ನಮ್ಮ ಜಗಲಿಗೆ ಹೊರಗಿನವೇ. ಒಂದನ್ನು ಗೆದ್ದವರು ಇನ್ನೊಂದಕ್ಕೆ ಹೆದರುವುದು ಯಾಕೆ?

ಈ ದಾರಿ ಹೊಸದೂ ಅಲ್ಲ. 1854ರಲ್ಲಿ ಬಂದ ತಮ್ಮ ‘ಕಾವ್ಯಫುಲೆ’ಯಲ್ಲೇ ಸಾವಿತ್ರಿಬಾಯಿ ಫುಲೆ ಶೂದ್ರ ಅತಿಶೂದ್ರರಿಗೆ ಇಂಗ್ಲಿಷ್ ಕಲಿಯಿರಿ ಎಂದು ಹೇಳಿದರು. ಶಾಲೆಯಲ್ಲಿ ಸಂಸ್ಕೃತ ಕಲಿಯಲು ಬಿಡದೆ ಪರ್ಷಿಯನ್ ಹಿಡಿಯುವಂತೆ ಮಾಡಿದ ಹುಡುಗನೇ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು. ಮುಂದೆ ಅದೇ ಬಾಬಾಸಾಹೇಬರು ಇಂಗ್ಲಿಷಿನಲ್ಲೇ ಜಾತಿಯ ಬುಡಕ್ಕೆ ಕೊಡಲಿ ಇಟ್ಟರು. ನಮ್ಮ ನಾಡಿನಲ್ಲಿ 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ, ಇಂಗ್ಲಿಷ್ ಕಲಿಯಿರಿ ಎಂಬರ್ಥದ ಮಾತಾಡಿದರು. ಅಷ್ಟಕ್ಕೇ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಅವರು ಮಂತ್ರಿಗಿರಿ ಬಿಡಬೇಕಾಯಿತು. ಕನ್ನಡದ ಹೆಸರಿನಲ್ಲಿ ಕೂಗಿದವರಲ್ಲಿ ಎಷ್ಟು ಮಂದಿ ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸಲಿಲ್ಲ? ನಮಗೆ ಕನ್ನಡದ ಮೇಲೆ ಹಗೆ ಇಲ್ಲ. ಸಿದ್ಧಲಿಂಗಯ್ಯ, ದೇವನೂರ ಮಹಾದೇವ ಕನ್ನಡವನ್ನೇ ನಮ್ಮ ಕೇರಿಗೆ ತಂದು ನಿಲ್ಲಿಸಿದವರು. ಆದರೆ ಕನ್ನಡ ನಮಗೆ, ಇಂಗ್ಲಿಷ್ ಅವರಿಗೆ ಎಂಬ ಪಾಲುಪಟ್ಟಿಗೆ ನಾವು ರುಜು ಹಾಕುವುದಿಲ್ಲ.

ಹಾಗಾದರೆ ಕಲಿಯೋದು ಹೇಗೆ? ಗೈಡು ಕೊಂಡು ‘ಎ’ಯಿಂದ ಶುರು ಮಾಡಿ ದಿನಕ್ಕೆ ಇಪ್ಪತ್ತು ದೊಡ್ಡ ಪದ ಉರು ಹೊಡೆಯುವುದರಿಂದ ಅಲ್ಲ. ವಾಕ್ಯವಿಲ್ಲದ ಪದ ಗೂಟವಿಲ್ಲದ ದನದ ಹಾಗೆ, ಬೆಳಗಾಗುವುದರೊಳಗೆ ಎತ್ತಲೋ ಹೋಗಿರುತ್ತದೆ. ಮೊಬೈಲಿನಲ್ಲೇ ನಿಘಂಟು ಇದೆಯಲ್ಲ ಅನ್ನುತ್ತೀರಿ. ಇದೆ. ಸಂವಿಧಾನದ 17ನೇ ವಿಧಿಯನ್ನು ಇಂಗ್ಲಿಷಿನಲ್ಲಿ ತೆಗೆದು ಓದಿ. ಅದರಲ್ಲಿ ‘ಡಿಸೆಬಿಲಿಟಿ’ ಎಂಬ ಪದ ಇದೆ. ನಿಘಂಟು ಮೊದಲು ಅಂಗವೈಕಲ್ಯ ಅನ್ನುತ್ತದೆ. ಇಲ್ಲಿ ಅದಲ್ಲ. ಅಸ್ಪೃಶ್ಯತೆಯ ಹೆಸರಿನಲ್ಲಿ ಹಕ್ಕಿಗೆ ಹಾಕುವ ಅಡ್ಡಿ ಎಂದು ಅರ್ಥ. ವಾಕ್ಯ ಓದಿದವರಿಗೆ ಮಾತ್ರ ಇದು ಗೊತ್ತಾಗುತ್ತದೆ.

1989ರ ದೌರ್ಜನ್ಯ ತಡೆ ಕಾಯ್ದೆ ನೋಡಿ. ಜಾತಿ ಹಿಡಿದು ಅವಮಾನ ಮಾಡಿದ ಕೇಸು ನಿಲ್ಲಬೇಕಾದರೆ ಅದು ‘ಪಬ್ಲಿಕ್ ವ್ಯೂ’ ಒಳಗೆ ನಡೆದಿರಬೇಕು. ‘ಪಬ್ಲಿಕ್ ಪ್ಲೇಸ್’ ಬೇರೆ, ‘ಪಬ್ಲಿಕ್ ವ್ಯೂ’ ಬೇರೆ ಎಂದು ಸುಪ್ರೀಂ ಕೋರ್ಟು 2008ರಲ್ಲಿ ಹೇಳಿತು. ಖಾಸಗಿ ಮನೆಯ ಅಂಗಳವಾದರೂ ನಾಲ್ಕು ಜನರ ಕಣ್ಣಿಗೆ ಬೀಳುವಂತಿದ್ದರೆ ಕೇಸು ನಿಲ್ಲಬಹುದು. ಯಾರೂ ಕಾಣದ ನಾಲ್ಕು ಗೋಡೆಯೊಳಗಾದರೆ ಬೀಳಬಹುದು. 2020ರಲ್ಲಿ ಹಾಗೆ ಬಿದ್ದದ್ದೂ ಇದೆ. ‘ವ್ಯೂ’ ಎಷ್ಟು ಚಿಕ್ಕ ಪದ! ದೂರು ಬರೆಯುವಾಗ ಅದು ಗೊತ್ತಿಲ್ಲದಿದ್ದರೆ ಎಷ್ಟು ದೊಡ್ಡ ನಷ್ಟ!

ಇನ್ನು ಭೂಮಿ. ನಮ್ಮವರಿಗೆ ಮಂಜೂರಾದ ಜಮೀನು ಕೈತಪ್ಪಿದ್ದರೆ ವಾಪಸು ಕೊಡಿಸಲು 1978ರ ಪಿಟಿಸಿಎಲ್ ಕಾಯ್ದೆ ಇದೆ. ಅದರ 5ನೇ ಸೆಕ್ಷನ್ನಿನ ಎರಡು ಪದ ‘ರಿಸಂಪ್ಷನ್’, ‘ರೆಸ್ಟಿಟ್ಯೂಷನ್’. ಮೊದಲನೆಯದು ಸರ್ಕಾರ ಜಮೀನನ್ನು ಹಿಂದಕ್ಕೆ ತೆಗೆದುಕೊಳ್ಳುವುದು, ಎರಡನೆಯದು ಅದನ್ನು ನಮಗೆ ಮರಳಿಸುವುದು. ಕಾಯ್ದೆಯಲ್ಲಿ ಅರ್ಜಿಗೆ ಗಡುವು ಇರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟು ‘ರೀಸನಬಲ್ ಟೈಮ್’ ಒಳಗೆ ಬರಬೇಕು ಎಂದಿತು. ಆ ಒಂದು ‘ರೀಸನಬಲ್’ಗೆ ಸಿಕ್ಕಿ ತಡವಾದ ಅರ್ಜಿಗಳು ಬಿದ್ದವು. ಕಾಲಮಿತಿ ಇಲ್ಲ ಎಂದು ಕಾಯ್ದೆಯಲ್ಲೇ ಬರೆಸಲು ನಮ್ಮವರು ಹೋರಾಡಬೇಕಾಯಿತು, 2023ರಲ್ಲಿ ತಿದ್ದುಪಡಿ ಬಂತು. ಪದ ಅಂದರೆ ಬರೀ ಪರೀಕ್ಷೆಯ ನಂಬರಲ್ಲ, ಎಕರೆ ಗುಂಟೆಯೂ ಹೌದು.

ಬೇರು ಹಿಡಿದರೆ ಪದ ಗೊಂಚಲಾಗಿ ಬರುತ್ತವೆ. ಲ್ಯಾಟಿನ್ನಿನಲ್ಲಿ ‘ಪೋರ್ಟ್’ ಅಂದರೆ ಹೊರುವುದು. ಪೋರ್ಟರ್ ಹೊರುವವನು, ಇಂಪೋರ್ಟ್ ಒಳಕ್ಕೆ ಹೊರುವುದು, ಎಕ್ಸ್‌ಪೋರ್ಟ್ ಹೊರಕ್ಕೆ ಹೊರುವುದು, ಸಪೋರ್ಟ್ ಅಡಿಯಿಂದ ಹೊರುವುದು. ಹೊರುವುದು ಅಂದರೇನು ಎಂದು ನಮಗೆ ಯಾವ ಮೇಷ್ಟರೂ ಹೇಳಿಕೊಡಬೇಕಾಗಿಲ್ಲ.

ಆದ್ದರಿಂದ ನಮ್ಮ ಸೂಚನೆ ಇಷ್ಟು. ಪ್ರತಿ ಹಾಸ್ಟೆಲ್ಲಿನಲ್ಲೂ ರಾತ್ರಿ ಊಟಕ್ಕೆ ಮುಂಚೆ ಅರ್ಧ ಗಂಟೆ ಗುಂಪಾಗಿ ಕೂರೋಣ. ಪಾಠಪುಸ್ತಕದಿಂದಲೋ ಸಂವಿಧಾನದಿಂದಲೋ ಪೇಪರಿನಿಂದಲೋ ಒಂದು ಪ್ಯಾರಾ ಗಟ್ಟಿಯಾಗಿ ಓದೋಣ. ಐದೇ ಪದ ಆರಿಸೋಣ. ನೋಟ್‌ಬುಕ್ಕಿನಲ್ಲಿ ಪದ, ಅದು ಬಂದ ವಾಕ್ಯ, ಅದರ ಬೇರು, ಮನೆಮಾತಿನಲ್ಲಿ ಅದರ ಅರ್ಥ, ನಾವೇ ಕಟ್ಟಿದ ಒಂದು ವಾಕ್ಯ ಬರೆಯೋಣ. ಡಿಗ್ರಿಯವರು ಪಿಯುಸಿಯವರಿಗೆ, ಪಿಯುಸಿಯವರು ಹೈಸ್ಕೂಲಿನವರಿಗೆ ಹೇಳಿಕೊಡಲಿ. ಉಚ್ಚಾರಣೆ ತಪ್ಪಿದರೆ ನಗುವವರನ್ನು ಆಚೆ ಕಳಿಸಿ. ನಗೆಗೆ ಹೆದರಿ ಬಾಯಿ ಮುಚ್ಚಿದವರೇ ನಮ್ಮಲ್ಲಿ ಹೆಚ್ಚು. ವಾರ್ಡನ್ನರನ್ನು ಕೇಳಿ: ನಿಘಂಟು ಬೀರುವಿನಿಂದ ಮೇಜಿಗೆ ಬರಲಿ, ಇಂಗ್ಲಿಷ್ ಟ್ಯೂಟರು ರಿಜಿಸ್ಟರಿನಿಂದ ಕೋಣೆಗೆ ಬರಲಿ. ಕೊಡದಿದ್ದರೆ ಎಲ್ಲರೂ ಸಹಿ ಹಾಕಿ ಅರ್ಜಿ ಕೊಡಿ.

ಆ ಅರ್ಜಿಯನ್ನು ಕನ್ನಡದಲ್ಲೂ ಬರೆಯಿರಿ, ಇಂಗ್ಲಿಷಿನಲ್ಲೂ ಬರೆಯಿರಿ.

ಜೈ ಭೀಮ್.